ನನ್ನ ದನಿಗೆ ಅವರ ಒಪ್ಪಿಗೆ

ಲಕ್ವ ಹೊಡೆದ ಮೇಲೆ ನನ್ನ ತಮ್ಮನ ಬಲಗಾಲು ಹೇಳಿದ ಮಾತು ಕೇಳುತ್ತಿರಲಿಲ್ಲ. ಹರೆಯದಲ್ಲಿ ನಾನೊಂದು ಕ್ಯಾಸೆಟ್ ಕಂಪನಿಗೆ ಹಾಡಿದ್ದ ಹಾಡು ಹಾಕಿದರೆ ಮಾತ್ರ ಅದು ಮೇಲೇಳುತ್ತಿತ್ತು. ಆದರೆ ಕ್ಯಾಸೆಟ್ಟು ತನ್ನ ಪಾಡಿಗೆ ಓಡುತ್ತಿತ್ತು, ಇವನು ಮುಗ್ಗರಿಸುತ್ತಿದ್ದ. ನಾನೇ ಹಾಡೋಣವೆಂದರೆ ಗಂಟಲು ಎಣ್ಣೆ ಕಾಣದ ಬಾಗಿಲಾಗಿದೆ.

ಅದಕ್ಕೆ ಅವನ ಮಗಳು ಫೋನಿಗೊಂದು ಆ್ಯಪ್ ಮಾಡಿದಳು. ಹೆಜ್ಜೆ ತಡವಾದರೆ ಹಾಡೂ ಕಾಯುತ್ತದೆ, ಹೆಜ್ಜೆ ಚುರುಕಾದರೆ ಹಾಡೂ ಚುರುಕು. ಆಸ್ಪತ್ರೆಯಲ್ಲಿ ನಡಿಗೆ ಕಲಿಯುತ್ತಿದ್ದ ಇನ್ನೂ ಕೆಲವರು ಹಾಕಿಸಿಕೊಂಡರು.

"ಅತ್ತೆ, ನಿಮ್ಮ ಹಾಡು ಬಳಸ್ಲಾ?" ಅಂತ ಮೊದಲೇ ಕೇಳಿದ್ದಳು.

"ಕೇಳೋದೇನಿದೆ, ತಗೋ" ಅಂದಿದ್ದೆ. ನಮ್ಮನೆ ಬಾವಿ ನೀರು ಅಂದುಕೊಂಡಿದ್ದೆವು ಇಬ್ಬರೂ.

ಹಾಡಿನ ಹಕ್ಕು ನಮ್ಮದು ಅಂತ ಕ್ಯಾಸೆಟ್ ಕಂಪನಿಯವರು ಆ್ಯಪನ್ನೇ ತೆಗೆಸಿಹಾಕಿದರು. ತಮ್ಮ ಮತ್ತೆ ಮಂಚ ಹಿಡಿದ.

ಹಾಡು ಬಳಸೋಕೆ ಲೈಸೆನ್ಸ್ ಕೇಳಲು ಅವರ ಆಫೀಸಿಗೆ ಹೋದರೆ ಅಲ್ಲಿದ್ದವನು ಪ್ರತಿ ಸಲವೂ ನಾಳೆ ಅನ್ನುತ್ತಿದ್ದ. ನಾಳೆಯಪ್ಪ ಅಂತ ಹೆಸರಿಟ್ಟೆವು. ಅವನ ತಲೆಯ ಮೇಲೆ ಗೋಡೆಯಲ್ಲಿ ನನ್ನ ಕ್ಯಾಸೆಟ್ಟಿನ ಹೊದಿಕೆಗೇ ಚೌಕಟ್ಟು ಕಟ್ಟಿಸಿ ತೂಗುಹಾಕಿದ್ದರು.

"ದನಿ ಮುದ್ರಿಸಿದ್ದು ನಾವು. ಹಾಡಿನ ಮಾತು, ರಾಗದ ಹಕ್ಕು ಬೇರೆ ಕಂಪನಿಯದು. ಮೊದಲು ಅವರ ಒಪ್ಪಿಗೆ ತನ್ನಿ" ಅಂದ.

"ಅವರು ಮೊದಲು ನಿಮ್ಮದು ತನ್ನಿ ಅಂದ್ರು ಸಾರ್" ಅಂದಳು ಹುಡುಗಿ.

"ಹಾಡಿದೋಳು ನಾನೇ ಕಣಪ್ಪ" ಅಂದೆ.

"ಇರಬಹುದಮ್ಮ. ಇಟ್ಟಿಗೆ ಸುಟ್ಟೋರು ಬಂದು ಮನೆ ಕೇಳೋಕಾಗುತ್ತಾ?"

"ಮನೆ ಬೇಡ. ಜಗಲಿ ಮೇಲೆ ನಾಲ್ಕು ಹೆಜ್ಜೆ ಇಡೋಕೆ ಬಿಡಿ."

ನಕ್ಕ. ಕೆಟ್ಟವನಲ್ಲ. ಹುಡುಗಿಯ ಕಡೆ ತಿರುಗಿ, "ಎಷ್ಟು ಜನ ಬಳಸ್ತಾರೆ?" ಅಂದ.

"ಮೂವತ್ತು."

"ಲಕ್ಷ ಜನ ಇಲ್ಲದ ಆ್ಯಪಿಗೆ ನಾವು ಹಾಡು ಕೊಡೋ ಪದ್ಧತಿನೇ ಇಲ್ಲ."

"ಹಾಡಿಲ್ದೆ ಲಕ್ಷ ಜನ ಎಲ್ಲಿಂದ ಬರ್ತಾರೆ ಸಾರ್?"

ಈಜು ಕಲಿತ ಮೇಲೆ ನೀರಿಗಿಳಿ ಅಂದಂತಾಯಿತು. "ಮೇಲಿನವರನ್ನ ಕೇಳ್ತೀನಿ. ನಾಳೆ ಫೋನ್ ಮಾಡಿ" ಅಂದ.

ಮನೆಯಲ್ಲಿ ತಮ್ಮ, "ಏನಕ್ಕಾ, ಸಿಕ್ಕಿತಾ ನಿನ್ನ ಹಾಡು ನಿಂಗೆ?" ಅಂತ ಚುಚ್ಚಿದ.

ಮರುದಿನ ಅವನನ್ನು ಹಿಡಿದು ನಿಲ್ಲಿಸಿ ಹೊಸ್ತಿಲವರೆಗೆ ಎಳೆದು ತಂದೆ. ಅಲ್ಲಿ ಕಾಲು ಕಲ್ಲಾಯಿತು. ಹುಡುಗಿ ಪಕ್ಕದಲ್ಲೇ ಕೂತು ಕಂಪನಿಗೆ ಫೋನ್ ಹಚ್ಚಿದಳು. ಸ್ವಲ್ಪ ಕಾಯಿರಿ ಅಂತ ಒಂದು ಹೆಣ್ಣುದನಿ ಹೇಳಿತು. ಕಾಯುವವರ ಬೇಸರ ಕಳೆಯಲು ಹಾಡು ಬಿಟ್ಟರು.

ನನ್ನದೇ ಹಾಡು.

ಹುಡುಗಿ ನನ್ನ ಮುಖ ನೋಡಿದಳು, ಫೋನಿನ ಸದ್ದು ಜೋರು ಮಾಡಿದಳು. ತಮ್ಮನ ಬಲಗಾಲು ಅಲುಗಿತು, ಎದ್ದಿತು, ನಿಧಾನಕ್ಕೆ ಹೊಸ್ತಿಲಾಚೆ ಊರಿತು. ಇಷ್ಟು ದಿನ ನಾಳೆಯಪ್ಪ ಸಿಗಲಿ ಅಂತ ಕಾದವಳು, ಈಗ ಅವನು ಫೋನ್ ಎತ್ತದಿರಲಿ ಅಂತ ಬೇಡಿಕೊಂಡೆ.

"ಹಲೋ, ಹೇಳಿ" ಅಂದ ಅವನು.

ಹಾಡು ನಿಂತಿತು. ತಮ್ಮ ಒಂದು ಕಾಲು ಆಚೆ, ಒಂದು ಕಾಲು ಈಚೆ, ನನ್ನ ಭುಜ ಹಿಡಿದು ನಿಂತಿದ್ದ.

"ಏನೂ ಇಲ್ಲಪ್ಪ" ಅಂದೆ. "ನಮ್ಮನ್ನ ಇನ್ನೂ ಸ್ವಲ್ಪ ಹೊತ್ತು ಕಾಯಿಸು."