ಶಾಲು ಹೊದ್ದ ರಾಕೆಟ್

ತಿಕೋಟಾದ ಬಯಲಿನಲ್ಲಿ ವಿಶಾಖಾಳ ರಾಕೆಟ್ ಮೇಲೆ ಹೋಗಿ, ಪ್ಯಾರಾಚೂಟ್ ಬಿಚ್ಚಿಕೊಂಡು ಇಳಿದು, ಕಪ್ಪು ನೆಲದ ಮೇಲೆ ಕಾಲೂರಿ ನೆಟ್ಟಗೆ ನಿಂತಾಗ ಜನ ಸಿಳ್ಳೆ ಹೊಡೆದರು. ವಿಶಾಖಾ ಹೊಡೆಯಲಿಲ್ಲ. ಅವಳ ಪಾಲಿಗೆ ಇನ್ನೂ ಅರ್ಧ ಕೆಲಸವೂ ಮುಗಿದಿರಲಿಲ್ಲ. ಈ ಸ್ಪರ್ಧೆಯ ನಿಯಮವೇ ಹಾಗೆ: ಒಮ್ಮೆ ಹಾರಿದ ರಾಕೆಟ್ಟೇ ಹೊತ್ತು ಮುಳುಗುವುದರೊಳಗೆ ಮತ್ತೊಮ್ಮೆ ಹಾರಬೇಕು. ಗೆದ್ದವರಿಗೆ ರಾಕೆಟ್ ಕಟ್ಟುವ ಕಂಪನಿಯೊಂದರಲ್ಲಿ ಕಲಿಯುವ ಅವಕಾಶ. ಇಬ್ರಾಹಿಂಪುರದ ಹುಡುಗಿಗೆ ಅಂಥ ಬಾಗಿಲು ದಿನಾ ತೆರೆಯುವುದಿಲ್ಲ.

"ರಾಕೆಟ್ ಅಂದ್ರ ಸುಟ್ಟು ಬಿದ್ದು ಹೋಗೂದ ಅಲ್ಲೇನ?" ಎಂದು ಅವ್ವ ತಿಪ್ಪವ್ವ ಹಿಂದೊಮ್ಮೆ ಕೇಳಿದ್ದಳು.

"ಸಾರವಾಡದ ಬಸ್ ಒಂದ ಸಲಾ ಊರು ಮುಟ್ಟಿದ ಕೂಡ್ಲೆ ಅದಕ್ಕ ಬೆಂಕಿ ಹಚ್ಚಿದ್ರ ಟಿಕೆಟ್ ಯಾರಿಗೆ ನೀಗತೈತಿ ಬೇ? ಇಷ್ಟು ದಿನಾ ರಾಕೆಟ್ಟಿಗೆ ಹಂಗ ಮಾಡ್ಯಾರ. ಈಗ ಹೊಳ್ಳಿ ಬರೂವು ಬಂದಾವ. ಹೊಳ್ಳಿ ಬಂದದ್ದು ಮತ್ತ ಹೋದ್ರ, ಮುಂದ ನಿನ್ನಂಥಾಕಿನೂ ಮ್ಯಾಲ ಹೋಗಿ ಬರಬಹುದು."

"ಹಂಗಾರ ನನಗ ಕಿಡಕಿ ಸೀಟ ಇರ್ಲಿ," ಅಂದಿದ್ದಳು ತಿಪ್ಪವ್ವ.

ಈಗ ವಿಶಾಖಾ ತೀರ್ಪುಗಾರರ ಡೇರೆಯಲ್ಲಿ ಎತ್ತರದ ಲೆಕ್ಕ ಒಪ್ಪಿಸಿ ಹೊರಗೆ ಬಂದರೆ ರಾಕೆಟ್ಟೇ ಇಲ್ಲ. ಜೊತೆಗಾತಿ ಶೈಲಾ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದಳು.

"ಚೇರಮನ್ ಸಾಹೇಬ್ರು ಒಯ್ದಾರ. ಬಬಲೇಶ್ವರದಾಗ ಸತ್ಕಾರ ಐತಂತ."

"ಯಾರಿಗೆ?"

"ರಾಕೆಟ್ಟಿಗೆ."

ಅವರ ಕಾಲೇಜಿನ ಚೇರಮನ್ ಬಸಗೊಂಡಪ್ಪನವರಿಗೆ ಸತ್ಕಾರದ ಹುಚ್ಚು. ಪಾಸಾದವರಿಗೆ ಶಾಲು, ನಿವೃತ್ತರಿಗೆ ಶಾಲು, ಬೋರಿಗೆ ನೀರು ಬಿದ್ದರೆ ಕೊರೆದ ಯಂತ್ರಕ್ಕೂ ಹಾರ. ಹಾರ ಬಿದ್ದ ಮೇಲೆ ಮುಗಿಯಿತು, ಆ ಮನುಷ್ಯ ಮುಂದೇನು ಮಾಡುತ್ತಾನೆಂದು ಯಾರೂ ಕೇಳುವುದಿಲ್ಲ. ಒಳ್ಳೆಯ ಕೆಲಸದ ಕತ್ತು ಹಿಚುಕಲು ನಮ್ಮಲ್ಲಿ ಹಗ್ಗ ಹುಡುಕಬೇಕಿಲ್ಲ, ಶಾಲು ಇದ್ದೇ ಇರುತ್ತದೆ.

ಶೈಲಾಳ ಸ್ಕೂಟಿಯ ಮೇಲೆ ಇಬ್ಬರೂ ಬಬಲೇಶ್ವರ ಸೇರಿದಾಗ ಕಲ್ಯಾಣ ಮಂಟಪದಲ್ಲಿ ಭಾಷಣ ನಡೆದಿತ್ತು. ವೇದಿಕೆಯ ನಡುಗುರ್ಚಿಯಲ್ಲಿ ರಾಕೆಟ್. ಮೈಮೇಲೆ ಜರಿಯಂಚಿನ ಶಾಲು, ಮೂತಿಗೆ ಕುಂಕುಮ. ಬೀಳಬಾರದೆಂದು ಅದರ ಒಂದು ಕಾಲಿಗೆ ತೂತು ಕೊರೆದು ಕುರ್ಚಿಯ ಹಲಗೆಗೆ ಬೋಲ್ಟ್ ಬಿಗಿದಿದ್ದರು. ಉಜ್ಜಿ ಉಜ್ಜಿ ತೂಕ ಇಳಿಸಿದ ಕಾಲು ಅದು. ತೂತು ಕಂಡದ್ದೇ ತಡ, ವಿಶಾಖಾಳ ಮೈಯೆಲ್ಲ ಉರಿಯಿತು. ಸೀದಾ ವೇದಿಕೆ ಹತ್ತಿದಳು.

"ಸರ, ಇದು ಇನ್ನೊಮ್ಮೆ ಹಾರಬೇಕ್ರಿ. ಅಲ್ಲಿ ಕಾಯಾಕತ್ತಾರ."

ಬಸಗೊಂಡಪ್ಪ ನಕ್ಕರು. "ಗೆದ್ದ ಎತ್ತನ್ನ ಅದ ದಿನಾ ಮತ್ತ ಓಡಸ್ತಾರೇನವಾ? ಹಾರಿ ಬಂದೈತಿ, ಮರ್ಯಾದಿ ಉಳದೈತಿ. ಎರಡನೇ ಸಲಾ ಬಿದ್ರ? ಕಾಲೇಜಿನಾಗ ಗಾಜಿನ ಪೆಟಿಗಿ ಮಾಡಸೇನಿ, ಅದರಾಗ ಇಡೂಣು. ಬಾ, ನಿನಗೂ ಒಂದ ಶಾಲು ಐತಿ."

ಸಭೆ ಚಪ್ಪಾಳೆ ತಟ್ಟಿತು. ಶಾಲು ಅವಳ ಹೆಗಲಿಗೂ ಬಂತು. ಪೆಟ್ಟಿಗೆಯಲ್ಲಿ ರಾಕೆಟ್, ಪಕ್ಕದ ಗೋಡೆಗೆ ತನ್ನ ಫೋಟೋ, ಎರಡರ ಮೇಲೂ ಧೂಳು. ಎಲ್ಲ ಅವಳ ಕಣ್ಣಿಗೆ ಕಟ್ಟಿತು. ಇಂಥ ಸಿಟ್ಟು ಅವಳಿಗೆ ಹುಟ್ಟಿದಾಗಿನಿಂದ ಬಂದಿರಲಿಲ್ಲ.

"ಒಮ್ಮೆ ಹಾರೂ ರಾಕೆಟ್ ದೀಪಾವಳಿಗೆ ಅಂಗಡ್ಯಾಗ ಸಿಗತಾವ್ರಿ ಸರ. ಇದನ್ನ ಮಾಡಿದ್ದ ಎರಡನೇ ಸಲಕ್ಕ." ಶಾಲು ತೆಗೆದು ಅವರ ಕೈಗಿಟ್ಟಳು. ಮಂಟಪದ ಕೆಲಸ ನೋಡುವ ಅಯೂಬನ ಕಡೆ ತಿರುಗಿದಳು. "ಅಣ್ಣಾ, ಪಾನಾ ಕೊಡ್ರಿ."

ಬೋಲ್ಟ್ ಬಿಗಿದವನು ಅವನೇ. ತಲೆ ತಗ್ಗಿಸಿ, ಬೋಲ್ಟ್ ತಿರುಗಿಸುವ ಪಾನಾ ಕೊಟ್ಟ.

"ಒಯ್ದಿ ಅಂದ್ರ ಅದರ ಮ್ಯಾಲ ಕಾಲೇಜಿನ ಹೆಸರು ಇರೂದಿಲ್ಲ, ನೋಡು," ಬಸಗೊಂಡಪ್ಪನವರ ದನಿ ಗಡುಸಾಯಿತು.

ವಿಶಾಖಾ ಬೋಲ್ಟ್ ಬಿಚ್ಚಿ ರಾಕೆಟ್ ಎತ್ತಿಕೊಂಡಳು. ಅದರ ಮೇಲಿದ್ದ ಕಾಲೇಜಿನ ಸ್ಟಿಕ್ಕರನ್ನು ಉಗುರಿನಿಂದ ಕಿತ್ತು ಖಾಲಿ ಕುರ್ಚಿಗೆ ಅಂಟಿಸಿದಳು.

"ಸತ್ಕಾರ ಮುಂದುವರಸ್ರಿ," ಅಂದಳು.

ಮತ್ತೆ ತಿಕೋಟಾ ಸೇರುವಷ್ಟರಲ್ಲಿ ಹೊತ್ತು ದ್ರಾಕ್ಷಿ ತೋಟಗಳ ಮೇಲೆ ಇಳಿದಿತ್ತು. ತೂತಿಗೆ ಟೇಪು ಸುತ್ತಿ, ಹೊಸ ಇಂಧನ ತುಂಬಿ, ಹಲ್ಲು ಕಚ್ಚಿಕೊಂಡು ವಿಶಾಖಾ ಗುಂಡಿ ಒತ್ತಿದಳು. ರಾಕೆಟ್ ಕುಂಕುಮದ ಮೂತಿ ಎತ್ತಿಕೊಂಡೇ ಮೇಲೆ ಹೋಯಿತು. ಇಳಿದಾಗ ತೂತು ಬಿದ್ದ ಕಾಲು ಬಾಗಿತು. ರಾಕೆಟ್ ವಾಲಿತು. ಈ ಸಲ ಯಾರೂ ಸಿಳ್ಳೆ ಹೊಡೆಯಲಿಲ್ಲ. ಸೊಟ್ಟಗೇ ಆದರೂ ನಿಂತಿತು.

ತೀರ್ಪುಗಾರರು ಬಂದು ಸುತ್ತಲೂ ನೋಡಿ, ಅವಳ ಹೆಸರು ಕೇಳಿ ಗೆದ್ದವರ ಸಾಲಿನಲ್ಲಿ ಬರೆದುಕೊಂಡರು. ಯಾವ ಕಾಲೇಜು ಎಂದದ್ದಕ್ಕೆ ಶೈಲಾ, "ಮಧ್ಯಾಹ್ನದ ತನಕಾ ಒಂದಿತ್ತರಿ," ಅಂದಳು.

ಅಷ್ಟರಲ್ಲಿ ಸುದ್ದಿ ಬಬಲೇಶ್ವರ ಮುಟ್ಟಿತ್ತು. ಫೋನಿನಲ್ಲಿ ಬಸಗೊಂಡಪ್ಪನವರ ದನಿ ಬೆಣ್ಣೆಯಾಗಿತ್ತು. "ಆದದ್ದೆಲ್ಲಾ ಮರತಬಿಡವಾ. ನಾಳಿ ವಿಜಯಪುರದಾಗ ದೊಡ್ಡ ಸತ್ಕಾರ ಇಟಗೊಂಡೇನಿ. ರಾಕೆಟ್ ತಗೊಂಡ ಬಾ."

ವಿಶಾಖಾ ಬಾಗಿದ ಕಾಲನ್ನು ಬಿಚ್ಚುತ್ತಿದ್ದಳು. ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ನಾಳಿ ಆಗೂದಿಲ್ರಿ ಸರ," ಅಂದಳು. "ನಾಳಿ ಅದು ಮತ್ತ ಹಾರೂದೈತಿ."