ಕೆಂಪು ತಿರುಪಿನ ಕೆಳಗಿನ ದಾರ

ಎರಡು ಭಾನುವಾರದಿಂದ ಲಲಿತಾಳಿಗೆ ತನ್ನ ಹೆಸರನ್ನು ಪೂರ್ತಿ ಹೇಳಲು ಆಗಿರಲಿಲ್ಲ. ಗಂಗಾವತಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವವಳಿಗೆ ಇದಕ್ಕಿಂತ ಅವಮಾನ ಬೇಕೆ?

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆಯ, ಮನೆಯಲ್ಲೇ ಸೆಟ್ಟು ಇಟ್ಟುಕೊಂಡು ಪರಸ್ಪರ ಮಾತಾಡುವ ಹ್ಯಾಮ್ ರೇಡಿಯೋ ಹವ್ಯಾಸಿಗಳು ಗಾಳಿಯಲ್ಲಿ ಒಂದೆಡೆ ಸೇರುತ್ತಾರೆ. ಒಬ್ಬರು ಹಾಜರಿ ಕೂಗಬೇಕು, ಮಿಕ್ಕವರು ಓಗೊಡಬೇಕು. ಹನ್ನೊಂದು ವರ್ಷ ಹಾಜರಿ ಕೂಗಿದವರು ಕುಷ್ಟಗಿಯ ನಿವೃತ್ತ ಶಿಕ್ಷಕ ಅಮರಪ್ಪ ಮಾಸ್ತರರು. ಗೆಳೆಯರೆಲ್ಲ ಸೇರಿ ಅವರನ್ನು ಒಪ್ಪಿಸಿ, ಮಹಾನವಮಿ ಮುಗಿದ ಮೇಲೆ ಆ ಕೆಲಸವನ್ನು ಲಲಿತಾಳಿಗೆ ಕೊಟ್ಟಿದ್ದರು. ಮೊದಲ ವಾರ ಅವಳು ಮೈಕಿನ ಗುಂಡಿ ಒತ್ತಿ, "ಎಲ್ಲಾರ್ಗೂ ನಮಸ್ಕಾರ್ರಿ, ನಾನು ಲ..." ಎನ್ನುವಷ್ಟರಲ್ಲಿ ರೇಡಿಯೋ ಕಣ್ಣು ಮುಚ್ಚಿತು. ಎರಡನೇ ವಾರ "ಲಲಿ" ತನಕ ಬಂದಿತ್ತು.

ಶನಿವಾರ ಮಾಸ್ತರರ ಫೋನ್ ಬಂತು. "ಮೇಡಂ, ಒಂದು ವಾರದಾಗ ಒಂದಕ್ಷರ ಮುಂದ ಹೋಗೀರಿ. ಹಿಂಗ ನಡದ್ರ ಶಿವರಾತ್ರಿಯೊಳಗ ಪೂರ್ತಿ ಹಾಜರಿ ಕೇಳ್ತೀವಿ ಬಿಡ್ರಿ!"

"ನಾಳೆ ಸರಿ ಆಗತೈತ್ರಿ ಸರ್."

"ಆಗಲಿಲ್ಲಂದ್ರ ಹಾಜರಿ ಪುಸ್ತಕ ನನ್ನ ಕೈಗೆ ವಾಪಸ್. ಎಲ್ಲಾರ ಮುಂದ ಹೇಳೀನಿ ಮತ್ತ."

ಹಿಂದಿನಿಂದ ಅವರ ಹೆಂಡತಿ ಪಕ್ಕೀರವ್ವ, "ಪಾಪ, ಬಿಡ್ರಿ ಆ ಹುಡುಗೀನ" ಎಂದು ನಕ್ಕಿದ್ದು ಕೇಳಿಸಿತು. ಆಕೆ ಲಲಿತಾಳ ಅತ್ತೆ ಮುದಕಮ್ಮನ ತವರೂರಿನವಳು. ಇಬ್ಬರೂ ದಿನಾ ಸಂಜೆ ಫೋನಿನಲ್ಲಿ ಊರ ಸುದ್ದಿಯನ್ನೆಲ್ಲ ಕೇರಿ, ಹಸನು ಮಾಡಿಯೇ ಮಲಗುವವರು.

ಭಾನುವಾರ ಏಳೂವರೆಗೆ ಲಲಿತಾ ಮೀಟರು ಹಿಡಿದು ಕೂತಳು. ಸುಮ್ಮನಿದ್ದಾಗ ಎಲ್ಲ ಸರಿ. ಗುಂಡಿ ಒತ್ತಿ ಮಾತಾಡಿದರೆ ಮಾತ್ರ ರೇಡಿಯೋ ಇಪ್ಪತ್ತು ಆಂಪಿಯರ್ ಎಳೆಯುತ್ತದೆ, ಆಗ ವೋಲ್ಟೇಜು ಕುಸಿಯುತ್ತದೆ. ಮೊದಲ ಗುಮಾನಿ ಪಕ್ಕದ ಅಕ್ಕಿ ಗಿರಣಿಯ ಮೇಲೆ. ಓಣಿಯಲ್ಲಿ ದೀಪ ಮಂಕಾದರೂ ಹಾಲು ಒಡೆದರೂ ಗಿರಣಿಯದೇ ತಪ್ಪು. ಆದರೆ ಗೋಡೆಯ ಕರೆಂಟು ಇನ್ನೂರ ಇಪ್ಪತ್ತೆಂಟು ವೋಲ್ಟಿನಲ್ಲಿ ಅಲುಗದೆ ನಿಂತಿತ್ತು. ಎರಡನೇ ಗುಮಾನಿ ಗೋಡೆಯ ಕರೆಂಟನ್ನು ರೇಡಿಯೋಗೆ ಇಳಿಸಿಕೊಡುವ ಪವರ್ ಸಪ್ಲೈ ಮೇಲೆ. ಅದರ ಬಾಯಲ್ಲಿ ಮೀಟರಿಟ್ಟು, ಗುಂಡಿ ಒತ್ತಿ, ಮಾತಿನ ಬದಲು ಮೈಕಿಗೆ ಉದ್ದನೆಯ ಸೀಟಿ ಹೊಡೆದಳು. ಹದಿಮೂರು ಪಾಯಿಂಟ್ ಎಂಟು, ಕಲ್ಲಿನ ಹಾಗೆ. ರೇಡಿಯೋದ ಬೆನ್ನಿಗೆ ಮೀಟರಿಟ್ಟು ಮತ್ತೆ ಸೀಟಿ ಹೊಡೆದಳು. ಹನ್ನೊಂದಕ್ಕೆ ಬಿದ್ದು ಆರಿಹೋಯಿತು.

"ಮನಿಯಾಗ ಸೀಟಿ ಹೊಡೀಬಾರದವ್ವಾ, ಹಾವು ಬರತಾವ" ಎಂದಳು ಮುದಕಮ್ಮ, ಪಡಸಾಲೆಯಿಂದ.

ಅಂದರೆ ಎರಡೂವರೆ ವೋಲ್ಟಿಗಿಂತ ಹೆಚ್ಚು ನಡುದಾರಿಯಲ್ಲೇ ಸೋರುತ್ತಿದೆ. ಲಲಿತಾ ಫ್ಯೂಸು ಬದಲಿಸಿದಳು, ವೈರನ್ನು ಗೇಣುಗೇಣಾಗಿ ಅಳೆದಳು. ತಪ್ಪು ಸಿಗಲಿಲ್ಲ. ಅಳೆಯದೆ ಉಳಿದದ್ದು ಒಂದೇ ಜಾಗ: ವೈರನ್ನು ಸಪ್ಲೈಗೆ ಬಿಗಿಯುವ ಕೆಂಪು ತಿರುಪು. ಅದರ ಕುತ್ತಿಗೆಗೆ ಅರಿಶಿನದ ದಾರ ಸುತ್ತಿತ್ತು. ನವಮಿಯಂದು ಮುದಕಮ್ಮ ಸ್ಕೂಟಿ, ಮಿಕ್ಸರ್, ಹೊಲಿಗೆ ಮಷೀನು ಎಲ್ಲದಕ್ಕೂ ಕಟ್ಟಿದ ಹಾಗೆ ಇದಕ್ಕೂ ಕಟ್ಟಿದ್ದಳು. ಆ ದಾರ ತಾನಾಗಿ ಉದುರಬೇಕು, ಇಲ್ಲವೇ ಕಟ್ಟಿದವರೇ ಬಿಚ್ಚಬೇಕು. ಮನೆಯ ಕಟ್ಟಳೆ ಅದು. ಹಾಗಾಗಿ ಲಲಿತಾ ಅತ್ತ ಬೆರಳೂ ತಾಗಿಸಿರಲಿಲ್ಲ. ಒಂದು ಕೀಲನ್ನು ನೋಡದೆ ಬಿಟ್ಟ ವಿದ್ಯಾರ್ಥಿಗೆ ತಾನು ಎಂಥ ಪಾಠ ಮಾಡುತ್ತಿದ್ದೆ ಎಂದು ಈಗ ನೆನಪಾಯಿತು. ಬಿಚ್ಚಬಾರದು, ಸರಿ. ಅಳೆಯಬಾರದೆಂದು ಯಾರು ಹೇಳಿದ್ದಾರೆ?

ಮೀಟರಿನ ಒಂದು ಮೊನೆ ತಿರುಪಿನ ಮೇಲೆ, ಇನ್ನೊಂದು ಅದರ ಕೆಳಗೆ ಕೂತ ವೈರಿನ ತಾಮ್ರದ ಬಿಲ್ಲೆಯ ಮೇಲೆ. ಸೀಟಿ. ಎರಡು ಪಾಯಿಂಟ್ ಆರು!

ಬಾಗಿ ನೋಡಿದಳು. ದಾರ ಮೇಲೆ ಮಾತ್ರ ಇರಲಿಲ್ಲ. ತಿರುಪು ಮತ್ತು ಬಿಲ್ಲೆಯ ನಡುವೆಯೂ ಹೊಕ್ಕು ಹಾಸಿಗೆಯ ಹಾಗೆ ಹರಡಿತ್ತು. ಸಣ್ಣ ಕರೆಂಟಿಗೆ ದಾರಿ ಬಿಟ್ಟು, ದೊಡ್ಡದನ್ನು ಅಡ್ಡಗಟ್ಟುತ್ತಿತ್ತು. ಅದಕ್ಕಿಂತ ವಿಚಿತ್ರವೆಂದರೆ ದಾರ ಎರಡಿದ್ದವು. ಒಂದು ನವಮಿಯದು, ಬಣ್ಣ ಮಾಸಿತ್ತು. ಇನ್ನೊಂದರ ಅರಿಶಿನ ಬೆರಳಿಗೆ ಅಂಟಿತು. ವರ್ಷಕ್ಕೆ ಎರಡು ಮಹಾನವಮಿ ಯಾವ ಪಂಚಾಂಗದಲ್ಲೂ ಇಲ್ಲ.

"ಅತ್ತೀ, ಸ್ವಲ್ಪ ಬರ್ರಿ ಇಲ್ಲಿ."

ಮುದಕಮ್ಮ ಬಂದು ಬಾಗಿಲಲ್ಲೇ ನಿಂತಳು.

"ಈ ಹೊಸಾ ದಾರ ಯಾರ್ ಕಟ್ಯಾರ್ರಿ?"

"ಹಳೇದು ಸಡ್ಲಾಗಿತ್ತವ್ವಾ."

"ಮ್ಯಾಲ ಕಟ್ಟೋದು ಬಿಟ್ಟು ಒಳಗ ಯಾಕ ಹಾಕೀರಿ?"

"ಮೊದಲನೇದು ಗೊತ್ತಿಲ್ದ ಹಾಕಿದ್ದೆ, ದೇವರಾಣಿ." ಮುದಕಮ್ಮ ಸೆರಗಿನ ತುದಿ ಬಾಯಿಗಿಟ್ಟುಕೊಂಡಳು. "ಆ ವಾರ ನಿನ್ನ ಡಬ್ಬಿ ಗಪ್ಪಾತು, ನನ್ನ ಟೀವಿ ಛಲೋ ಬಂತು. ಎರಡು ವರ್ಷ ಆತು, ನೀ ಬಾಯಿ ತೆರದ್ರ ಸಾಕು, ಟೀವ್ಯಾಗ ಪ್ರವಚನದ ಸ್ವಾಮಿಗೋಳು ತೆರದ ಬಾಯಿ ತೆರದಂಗ ನಿಂದರತಾರ. ಎಷ್ಟ್ ಸಲ ಹೇಳಿದೆ? ಮಾಡ್ತೀನ್ರಿ ಅಂದಿ, ಮಾಡಿದೇನು?"

ರೇಡಿಯೋದ ಅಲೆ ಒಳಹೊಗದಂತೆ ಟೀವಿಯ ವೈರಿಗೆ ಹಾಕಬೇಕಾದ ಫೆರೈಟ್ ಉಂಗುರಗಳು ಎರಡು ವರ್ಷದಿಂದ ಇದೇ ಮೇಜಿನ ಖಾನೆಯಲ್ಲಿ ಬಿದ್ದಿದ್ದವು. ಗಡಿಯಾರ ಎಂಟು ನಲವತ್ತು ತೋರಿಸುತ್ತಿತ್ತು.

"ಈಗ ಬಿಚ್ಚರಿ ಅತ್ತೀ. ನನ್ನ ಮರ್ಯಾದಿ ಹೊಕ್ಕೈತಿ."

"ಮೊದ್ಲು ನನ್ನ ಸ್ವಾಮಿಗೋಳ ಬಾಯಿ ಮುಚ್ಚಸು."

ಲಲಿತಾ ಪಡಸಾಲೆಗೆ ಓಡಿದಳು. ಟೀವಿಯ ವೈರುಗಳನ್ನು ಕಪ್ಪು ಉಂಗುರಗಳಲ್ಲಿ ಏಳೇಳು ಸುತ್ತು ಸುತ್ತಿ, ಬೆವರೊರೆಸಿಕೊಂಡು ಬಂದಳು. ಮುದಕಮ್ಮ ದಾರಗಳಿಗೆ ಕೈಮುಗಿದು, ನಿಧಾನವಾಗಿ ಬಿಚ್ಚಿ, ಹೊಸದನ್ನು ಸೊಸೆಯ ಮುಂಗೈಗೆ ಕಟ್ಟಿದಳು. ಲಲಿತಾ ಬಿಲ್ಲೆಯನ್ನು ಉಜ್ಜಿ ತಿರುಪು ಬಿಗಿದಾಗ ಒಂಬತ್ತಕ್ಕೆ ಒಂದು ನಿಮಿಷ.

"ಎಲ್ಲಾರ್ಗೂ ನಮಸ್ಕಾರ್ರಿ. ನಾನು ಲಲಿತಾ, ಗಂಗಾವತಿಯಿಂದ." ಮೀಟರು ಹದಿಮೂರೂವರೆಗಿಂತ ಕೆಳಗಿಳಿಯಲಿಲ್ಲ. ಪಡಸಾಲೆಯಿಂದ ಕೂಗು ಬಂತು: "ಸ್ವಾಮಿಗೋಳು ಮಾತಾಡಾಕತ್ಯಾರ!"

ಗಾಳಿಯಲ್ಲಿ ಅಮರಪ್ಪ ಮಾಸ್ತರರು ಕೆಮ್ಮಿದರು. "ಅರೇ, ಹೆಸರು ಪೂರ್ತಿ ಬಂತಲ್ರಿ! ಆದ್ರೂ ನೋಡ್ರಿ ಮೇಡಂ, ಹಾಜರಿ ಕೂಗೋದಂದ್ರ ಅದಕ್ಕ ಅನುಭವ ಬೇಕಾಗತೈತಿ. ನನ್ನ ಸೆಟ್ಟು ಹನ್ನೊಂದು ವರ್ಷದಾಗ ಒಂದು ದಿನಾನೂ ಕೈ ಕೊ..."

ಬರೀ ಗಾಳಿ.

ಲಲಿತಾ ತಿರುಗಿ ನೋಡಿದಳು. ಬಾಗಿಲಲ್ಲಿ ಮುದಕಮ್ಮ ಮೊಬೈಲನ್ನು ಸೊಂಟಕ್ಕೆ ಸಿಕ್ಕಿಸುತ್ತ ನಿಂತಿದ್ದಳು.

"ಪಕ್ಕೀರವ್ವ ನಿನ್ನೆ ಸಂಜೀಗೆ ದಾರ ಎಲ್ಲಿ ಹಾಕೂದಂತ ಕೇಳಿದ್ಲವ್ವಾ. ಆಕಿ ಟೀವೀನೂ ಹಂಗ ನಿಂದರತಿತ್ತಂತ."

ಲಲಿತಾ ತುಟಿ ಕಚ್ಚಿ ನಗು ತಡೆದಳು. ಹಾಜರಿ ಪುಸ್ತಕ ತೆರೆದು ಗುಂಡಿ ಒತ್ತಿದಳು.

"ಕುಷ್ಟಗಿ, ಅಮರಪ್ಪ ಮಾಸ್ತರು." ಮೂರು ಎಣಿಸುವಷ್ಟು ಹೊತ್ತು ಕಾದಳು. "ಗೈರುಹಾಜರು."