ಅವಳಿ ಕುಡಿಕೆಯ ನೀರು

ಅಬೊಮೆ ಪಟ್ಟಣದ ಕೇರಿಗಳಲ್ಲಿ ಅವಳಿ ಮಗುವೊಂದು ಸತ್ತಿತು ಎಂದು ಯಾರೂ ಅನ್ನುವುದಿಲ್ಲ. ಕಾಡಿಗೆ ಸೌದೆ ತರಲು ಹೋಗಿದೆ ಎನ್ನುತ್ತಾರೆ. ಸೆನಾಮಿಯ ಅವಳಿ ಗಂಡುಮಕ್ಕಳಲ್ಲಿ ಸಗ್ಬೊ ಹಿಂದಿನ ಬೇಸಿಗೆಯಲ್ಲಿ ಎದೆ ಕಟ್ಟಿಕೊಂಡು ಸೌದೆಗೆ ಹೋದ. ಮನೆಯಲ್ಲಿ ಉಳಿದವನು ಝಿನ್ಸು, ಆರು ವರ್ಷದವನು.

ಹೋದವನಿಗೂ ಇದ್ದವನಿಗೂ ಭೇದ ಮಾಡಬಾರದು. ಮಾಡಿದರೆ ಅವಳಿಗಳು ಮುನಿಯುತ್ತಾರೆ. ಝಿನ್ಸುವಿಗೆ ಅಂಗಿ ಹೊಲಿಸಿದರೆ ಸಗ್ಬೊನ ಬದಲಿಗೆ ಇಟ್ಟ ಮರದ ಬೊಂಬೆಗೂ ಅದೇ ಬಟ್ಟೆ. ಇವನಿಗೆ ಅಲಸಂದೆ ಬೆಂದರೆ ಅವನ ಮುಂದೆಯೂ ಒಂದು ಚಮಚ. ಕೋಣೆಯ ಮೂಲೆಯಲ್ಲಿ ಒಂದಕ್ಕೊಂದು ಅಂಟಿದ ಎರಡು ಮಣ್ಣಿನ ಕುಡಿಕೆಗಳು, ಒಂದೊಂದರಲ್ಲಿ ಒಬ್ಬೊಬ್ಬನ ಪಾಲಿನ ನೀರು. ಸಗ್ಬೊನ ಕುಡಿಕೆಯ ಮುಚ್ಚಳವನ್ನು ಸೆನಾಮಿ ತೆಗೆದಿಟ್ಟಿದ್ದಳು. ದೂರ ಹೋದ ಮಗ ಬರುವ ಹೊತ್ತಿಗೆ ಬಾಗಿಲು ಹಾಕಿರಬಾರದಲ್ಲ! ಝಿನ್ಸುವಿನ ನೀರನ್ನು ದಿನಾ ಬೆಳಿಗ್ಗೆ ಮೊಗೆದು ಚೆಲ್ಲಿ ಹೊಸದು ತುಂಬುವಳು. ಸಗ್ಬೊನದನ್ನು ಚೆಲ್ಲಲು ಮನಸ್ಸು ಬಾರದು. ಅವನ ತುಟಿ ತಾಕಿರಬಹುದಾದ ನೀರು. ಕಡಿಮೆಯಾದರೆ ಮೇಲೆ ಹೊಯ್ಯುವಳು, ಅಷ್ಟೆ.

ಮಳೆ ಹಿಡಿದ ಮೇಲೆ ಒಂದು ಮಧ್ಯಾಹ್ನ ಅವಳು ಆ ಕುಡಿಕೆಗೆ ಬಗ್ಗಿ ನೋಡಿದಳು. ಗಾಳಿ ಇರಲಿಲ್ಲ, ನೀರು ಅಲುಗುತ್ತಿತ್ತು. ಕೂದಲೆಳೆಯಷ್ಟು ಸಣ್ಣವು ಏನೋ ಒಳಗೆ ಕೊಂಕಿ ಕೊಂಕಿ ಆಡುತ್ತಿದ್ದವು. ಅವಳ ನೆರಳು ಬಿದ್ದೊಡನೆ ಎಲ್ಲವೂ ತಳಕ್ಕೆ ಇಳಿದವು. ಅವಳು ಹಿಂದೆ ಸರಿದಳು, ಮೇಲೆ ಬಂದವು. ಮತ್ತೆ ಬಗ್ಗಿದಳು, ಇಳಿದವು. ಮಗು ಸೆರಗಿನ ಮರೆಯಲ್ಲಿ ಅಡಗಿ ಇಣುಕುವ ಹಾಗೆ.

“ನನ್ನ ಗುರುತು ಸಿಕ್ತೇನೋ ನಿನಗೆ?” ಎಂದಳು, ಉಸಿರಿನಷ್ಟೇ ಸದ್ದಿನಲ್ಲಿ.

ಅಂದಿನಿಂದ ಅವಳು ಮಧ್ಯಾಹ್ನವೆಲ್ಲ ಆ ಮೂಲೆ ಬಿಟ್ಟು ಏಳಲಿಲ್ಲ. ಯಾರಿಗೂ ಹೇಳಲಿಲ್ಲ.

“ಅಮ್ಮಾ,” ಎಂದ ಝಿನ್ಸು ಒಂದು ದಿನ, ಕಣಕಾಲು ಕೆರೆದುಕೊಳ್ಳುತ್ತ. “ಮಂಚದ ಕೆಳಗಿಂದ ಸಗ್ಬೊ ನನ್ನ ಕಾಲು ಚಿವುಟ್ತಾನೆ. ಬೇಡ ಅನ್ನು ಅವನಿಗೆ.”

“ಆಡ್ಲಿ ಬಿಡೋ. ನಿನ್ನ ಬಿಟ್ರೆ ಅವನಿಗೆ ಯಾರಿದಾರೆ?”

ಆ ಮಾತು ಆಡಿದ ಮೇಲೆ ಅವಳು ಬಗ್ಗಿ ಮಂಚದ ಕೆಳಗೆ ನೋಡಿದಳು.

ವಾರ ಕಳೆಯುವಷ್ಟರಲ್ಲಿ ಝಿನ್ಸುವಿಗೆ ಕಾದ ಹೆಂಚಿನಂಥ ಜ್ವರ. ಕಣ್ಣಿನ ಹಿಂದೆ ಯಾರೋ ಬೆರಳಿಟ್ಟು ಒತ್ತುತ್ತಾರೆ ಎಂದ. ಮೂಳೆ ಮುರಿಯುತ್ತಾರೆ ಎಂದ. ಸೆನಾಮಿ ಸಂತೆಯಲ್ಲಿ ಬುಟ್ಟಿಯಲ್ಲಿಟ್ಟು ಔಷಧಿ ಮಾರುವವಳಿಂದ ಮಲೇರಿಯಾ ಮಾತ್ರೆ ತಂದು ನುಂಗಿಸಿದಳು. ಜ್ವರ ಜಗ್ಗಲಿಲ್ಲ.

ಸೆನಾಮಿಯ ಅತ್ತೆ ಹೊಸ್ತಿಲಲ್ಲಿ ಕೂತು ಸಗ್ಬೊನ ಕುಡಿಕೆಯ ಕಡೆ ಗದ್ದ ಎತ್ತಿ ತೋರಿದಳು. “ಒಬ್ಬನೇ ಇದ್ದು ಬೇಜಾರಾಗಿದೆ ಕಣೆ ಅವನಿಗೆ. ಜೊತೆಗೆ ಕರೀತಿದಾನೆ. ನೀರು ತುಂಬ್ಸಿಡು, ಸಮಾಧಾನ ಆಗ್ಲಿ.”

ಸೆನಾಮಿ ಕಂಠದವರೆಗೆ ತುಂಬಿಸಿದಳು. ಒಳಗಿನ ಆಟ ಇನ್ನೂ ಹೆಚ್ಚಿತು.

ಕೊನೆಗೊಂದು ಬೆಳಿಗ್ಗೆ ಜ್ವರ ತಾನಾಗಿ ಇಳಿಯಿತು. ಅತ್ತೆ ಹಿರಿಯರಿಗೆ ಕೈ ಮುಗಿದಳು. ಝಿನ್ಸು ಗೋಡೆಗೆ ಮುಖ ಮಾಡಿ ಮಲಗಿದ್ದ. ಹೊತ್ತು ಏರುತ್ತಲೇ ದೊಸ್ಸಿ ಬಂದಳು, ಕೈಯಲ್ಲಿ ಟಾರ್ಚು. ಆರೋಗ್ಯ ಕೇಂದ್ರದ ಪರವಾಗಿ ಮನೆಮನೆಯ ಹಂಡೆ, ಟೈರು, ಕೋಳಿಗೆ ನೀರಿಡುವ ಚಿಪ್ಪು ನೋಡುತ್ತ ತಿರುಗುವವಳು. ಅದಕ್ಕಿಂತ ಮಿಗಿಲಾಗಿ ಅವಳು ತನ್ನ ತಾಯಿಗೆ ಅವಳಿಗಳ ಬೆನ್ನಿಗೆ ಹುಟ್ಟಿದವಳು. ಅಂಥವರ ಮಾತನ್ನು ಅವಳಿಗಳೂ ಮೀರುವುದಿಲ್ಲ.

“ಹಾಡುಹಗಲಲ್ಲಿ ದೀಪ ಹಿಡ್ಕೊಂಡು ಬಂದ್ಲು ನೋಡು, ಗಂಡ ಕಳೆದುಹೋದ್ನೇನೇ?” ಎಂದಳು ಅತ್ತೆ.

“ಸಿಕ್ಕಿದ್ರೆ ನೀನೇ ಇಟ್ಕೋ, ಅಜ್ಜಿ,” ಎಂದು ದೊಸ್ಸಿ ಒಳಗೆ ಬಂದು ನೇರ ಮೂಲೆಗೆ ನಡೆದಳು.

“ಅದನ್ನ ನೋಡ್ಬೇಡ!” ಸೆನಾಮಿ ಅಡ್ಡ ನಿಂತಳು. “ನನ್ನ ಮಗ ಅಲ್ಲಿದಾನೆ. ನೆರಳು ಕಂಡ್ರೆ ಗುರುತು ಹಿಡೀತಾನೆ.”

ದೊಸ್ಸಿ ನಗಲಿಲ್ಲ. ಬದಿಯಿಂದ ತನ್ನ ಕೈಯ ನೆರಳನ್ನು ಕುಡಿಕೆಯ ಮೇಲೆ ಹಾಯಿಸಿದಳು. ಎಲ್ಲವೂ ತಳಕ್ಕೆ ಇಳಿದವು.

“ನಿನ್ನ ಮಾತು ಬೇರೆ,” ಎಂದಳು ಸೆನಾಮಿ. “ನಿನಗೆ ಅವಳಿಗಳು ಬಗ್ತಾರೆ.”

ಮೂಲೆಯಲ್ಲಿ ಬಿದ್ದಿದ್ದ ಹಳೆಯ ಚಪ್ಪಲಿಯನ್ನು ದೊಸ್ಸಿ ಎತ್ತಿ ಹಿಡಿದಳು. ಚಪ್ಪಲಿಯ ನೆರಳಿಗೂ ಇಳಿದವು.

ದೊಸ್ಸಿ ಚಪ್ಪಲಿ ಕೆಳಗಿಟ್ಟಳು.

“ಸೊಳ್ಳೆ ಮರಿ ಕಣಕ್ಕ ಇವು. ಹಗಲು ಕಚ್ಚೋ ಸೊಳ್ಳೆ, ಕಾಲ ಮೇಲೆ ಬಿಳಿ ಪಟ್ಟೆ. ನೀನು ರಾತ್ರಿ ಪರದೆ ಕಟ್ತೀಯ, ಇದು ಮಧ್ಯಾಹ್ನ ಬಂದು ಕಚ್ಚಿ ಹೋಗುತ್ತೆ. ಡೆಂಗಿ ತರೋದು ಇದೇ.”

“ಜ್ವರ ಬಿಟ್ಟಿದೆ ಕಣೆ ಅವನಿಗೆ,” ಎಂದಳು ಸೆನಾಮಿ.

ದೊಸ್ಸಿ ಮಂಚದ ಬಳಿ ಹೋದಳು. ಝಿನ್ಸುವಿನ ಪಾದ ಬಾವಿಕಲ್ಲಿನಷ್ಟು ತಣ್ಣಗಿತ್ತು. ಹೊಟ್ಟೆ ಮುಟ್ಟಿದರೆ ಮುಲುಗಿದ. ತುಟಿ ಸರಿಸಿದರೆ ಒಸಡಿನಲ್ಲಿ ರಕ್ತ ಜಿನುಗಿತ್ತು.

“ಇದು ಬಿಟ್ಟಿದ್ದಲ್ಲ,” ಎಂದಳು. “ಜ್ವರ ಇಳಿದಾಗ್ಲೇ ಈ ಕಾಯಿಲೆ ಜೀವಕ್ಕೆ ಕೈ ಹಾಕೋದು. ಈಗಲೇ ಆಸ್ಪತ್ರೆಗೆ ಹೊರಡು. ಹೊರಡೋ ಮುಂಚೆ ಆ ನೀರು ಚೆಲ್ಲು, ಇಲ್ಲಾಂದ್ರೆ ನಾಳೆ ನಿನಗೆ, ನಾಳಿದ್ದು ಪಕ್ಕದ ಮನೆಗೆ.”

“ಹೆತ್ತವಳ ಕೈಯಿಂದ ಚೆಲ್ಲು ಅಂತೀಯಾ?”

“ಝಿನ್ಸುಗೆ ಎಂಥ ನೀರು ಕೊಡ್ತೀಯ?”

“ಬೆಳಿಗ್ಗೆ ತಂದಿದ್ದು.”

“ಸಗ್ಬೊಗೆ ಮಾತ್ರ ಕೊಳೆತ ನೀರು? ಯಾವ ತಾಯಿ ಮಾಡೋ ನ್ಯಾಯ ಇದು?”

ಸೆನಾಮಿ ಕುಡಿಕೆಗಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಅಂಗಳಕ್ಕೆ ಬಂದಳು. ಮಳೆ ಬಿಟ್ಟು ಒಣಗಿದ್ದ ಕೆಂಪು ಮಣ್ಣಿನ ಮೇಲೆ, ನಡು ಬಿಸಿಲಿನಲ್ಲಿ ಬಗ್ಗಿಸಿದಳು. ನೀರು ಇಂಗಿತು. ಸಣ್ಣವು ಮಣ್ಣಿನ ಮೇಲೆ ಕೊಂಕಿದವು, ಮತ್ತೆ ಕೊಂಕಿದವು, ಒಂದೊಂದಾಗಿ ನಿಂತವು. ಹೆರಿಗೆಯ ಹೊತ್ತಿನಲ್ಲಿ ಹೊರಟಂಥ ಕೂಗು ಅವಳ ಬಾಯಿಂದ ಹೊರಟಿತು. ಆಚೀಚೆ ಮನೆಯವರು ಬೇಲಿಗೆ ಬಂದು ನಿಂತರು. ಯಾರೂ ಹತ್ತಿರ ಬರಲಿಲ್ಲ. ದೊಸ್ಸಿ ಕುಡಿಕೆಯ ಒಳಗೋಡೆಯನ್ನು ಮರಳು ಹಾಕಿ ತಿಕ್ಕಿದಳು. ಸೊಳ್ಳೆಯ ಮೊಟ್ಟೆಗಳು ಅಲ್ಲೇ ಅಂಟಿಕೊಂಡಿರುತ್ತವೆ, ಒಣಗಿದರೂ ಸಾಯುವುದಿಲ್ಲ.

ಸೆನಾಮಿ ಕಣ್ಣೊರೆಸಿಕೊಳ್ಳಲಿಲ್ಲ. ಒಳಗೆ ಹೋಗಿ ಝಿನ್ಸುವನ್ನು ಬೆನ್ನಿಗೆ ಕಟ್ಟಿಕೊಂಡು ಬಾಡಿಗೆ ಬೈಕಿನ ಹಿಂದೆ ಹತ್ತಿದಳು.

ಆಸ್ಪತ್ರೆಯಲ್ಲಿ ತೋಳಿಗೆ ಸೂಜಿ ಚುಚ್ಚಿ ನೀರು ಹನಿಸಿದರು. ಸಂಜೆಯಾಗಿದ್ದರೆ ಕಷ್ಟವಿತ್ತು ಎಂದಳು ನರ್ಸು. ಸೆನಾಮಿಗೆ ಅದು ಕೇಳಿಸಲಿಲ್ಲ. ಮಗನ ಎದೆ ಏರಿಳಿಯುವುದನ್ನೇ ನೋಡುತ್ತ, ಲೋಕ ಸೃಷ್ಟಿಸಿದ ದೇವಿಯ ಹೆಸರನ್ನು ತುಟಿಯಲ್ಲೇ ಹೇಳುತ್ತ ಕೂತಿದ್ದಳು.

ಎರಡು ದಿನ ಅವನು ಅರೆಗಣ್ಣಿನಲ್ಲೇ ಕಳೆದ. ಮೂರನೆಯ ಬೆಳಿಗ್ಗೆ ಪೂರ್ತಿ ಕಣ್ಣು ಬಿಟ್ಟ. ತಾಯಿಯ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಬಹಳ ಹೊತ್ತು.

“ಅಮ್ಮಾ, ನೀನೊಬ್ಳೇನಾ?”

ಅವಳಿಗೂ ಒಮ್ಮೆ ಹಿಂದೆ ತಿರುಗಬೇಕೆನ್ನಿಸಿತು. ತಿರುಗಲಿಲ್ಲ.

“ಹೂಂ ಕಂದ, ನಾನೊಬ್ಳೇ.”

“ಜೋಳದ ಗಂಜಿ ಇದೆಯಾ?” ಎಂದ ಝಿನ್ಸು.